ಖಣದ ಹೆಸರಿನ ತೋರಣ: ಒತ್ತಕ್ಷರಕ್ಕೆ ಜಾಗ ಬಿಟ್ಟು ಕತ್ತರಿಸಿ

ತೊಟ್ಟಿಲ ಕಾರ್ಯಕ್ಕೆ ಗೋಡೆಗೆ ಕಟ್ಟುವ, ಅಕ್ಷರಕ್ಕೊಂದು ಪತಾಕೆ ಇರುವ ಹೆಸರಿನ ತೋರಣ ನನ್ನ ಮುಖ್ಯ ಕೆಲಸ. ಧಾರವಾಡದ ಮನೆಯಲ್ಲೇ ಹೊಲಿಯುತ್ತೇನೆ. ಹುಬ್ಬಳ್ಳಿ, ಗದಗ, ಹಾವೇರಿಯಿಂದ ಆರ್ಡರ್ ಬರುತ್ತವೆ. ಈ ಕೆಲಸ ಶುರು ಮಾಡುವವರಿಗೆ ಮೊದಲ ಮಾತು: ಕನ್ನಡ ಅಕ್ಷರಕ್ಕೆ ತ್ರಿಕೋನದ ಪತಾಕೆ ಒಗ್ಗುವುದಿಲ್ಲ. ಇಂಗ್ಲಿಷಿನ ದೊಡ್ಡ ಅಕ್ಷರಗಳು ತ್ರಿಕೋನದ ಅಗಲವಾದ ಮೇಲ್ಭಾಗದಲ್ಲಿ ಕೂತುಬಿಡುತ್ತವೆ. ನಮ್ಮ ಒತ್ತಕ್ಷರ ಇಳಿಯುವುದು ಬಲಕ್ಕೆ, ಕೆಳಗೆ, ಅಂದರೆ ಸರಿಯಾಗಿ ಬಟ್ಟೆ ಕಿರಿದಾಗುವ ಜಾಗಕ್ಕೆ. ಅಲ್ಲಿ ಒತ್ತನ್ನು ಕುಗ್ಗಿಸಿ ತುರುಕಿದರೆ ಓದಲು ಬರುವುದಿಲ್ಲ.

ಅದಕ್ಕೇ ನನ್ನ ಪತಾಕೆ 6 ಇಂಚು ಅಗಲ, 8 ಇಂಚು ಉದ್ದ, ಕೆಳಗಿನ ಎರಡು ಮೂಲೆ ದುಂಡಗೆ. ಮೇಲಿನ ಒಂದೂವರೆ ಇಂಚು ಗುಡಿಸು, ಏತ್ವಕ್ಕೆ. ನಡುವಿನ 3 ಇಂಚು ಅಕ್ಷರದ ಮೈಗೆ. ಅದರ ಕೆಳಗೆ ಎರಡೂವರೆ ಇಂಚು ಒತ್ತಿಗೆ. ಉಳಿದ 1 ಇಂಚು ಅಂಚು. ಮೇಲಿನಿಂದ ನಾಲ್ಕೂವರೆ ಇಂಚಿಗೆ ಪ್ರತಿ ಪತಾಕೆಯ ಮೇಲೂ ಸೀಮೆಸುಣ್ಣದ ಗೆರೆ ಎಳೆದು, ಎಲ್ಲ ಅಕ್ಷರಗಳ ಬುಡ ಅದರ ಮೇಲೇ ನಿಲ್ಲಿಸಬೇಕು. ‘ಸಾನ್ವಿ’ಯಲ್ಲಿ ‘ಸಾ’ ಕೆಳಗೆ ಖಾಲಿ ಕಾಣುತ್ತದೆಂದು ಅದನ್ನು ನಡುವಿಗೆ ಇಳಿಸಿದರೆ ಹೆಸರು ಮೇಲೆ ಕೆಳಗೆ ಕುಣಿಯುತ್ತದೆ. ಖಾಲಿ ಜಾಗಕ್ಕೆ ಒಂದು ಎಲೆ ಹೊಲಿದರೆ ಸಾಕು. ಶ್ರೀ, ಯೋ, ಮೌ ಇಂಥ ಅಗಲದ ಅಕ್ಷರಕ್ಕೆ ಪತಾಕೆಯನ್ನೇ 8 ಇಂಚು ಅಗಲ ಮಾಡುತ್ತೇನೆ, ಅಕ್ಷರ ಕುಗ್ಗಿಸುವುದಿಲ್ಲ. ಕುಗ್ಗಿಸಿದ್ದು ಪಕ್ಕದ ಅಕ್ಷರಕ್ಕಿಂತ ಬಡಕಲಾಗಿ ಕಾಣುತ್ತದೆ.

ಹೆಸರು ಬರುವುದೇ ಕೊನೆಗೆ. ಸೋದರತ್ತೆ ಕಿವಿಯಲ್ಲಿ ಕುರ್ರ್ ಎನ್ನುವವರೆಗೆ ಹೆಸರು ಹೊರಗೆ ಬಿಡದ ಮನೆಗಳಿವೆ. ಬಹಳವೆಂದರೆ ಎರಡು ದಿನ ಮೊದಲು ಹೇಳುತ್ತಾರೆ. ಆದರೆ ನಕ್ಷತ್ರ ನೋಡಿ ಹೆಸರಿಡುವ ಮನೆಯಲ್ಲಿ ಮೊದಲಕ್ಷರ ಬೇಗ ಗೊತ್ತಿರುತ್ತದೆ. ರೋಹಿಣಿಯಾದರೆ ಓ, ವಾ, ವೀ, ವೂ, ಇವುಗಳಲ್ಲಿ ಒಂದು. ಅದನ್ನು ಕೇಳಿ ಬರೆದುಕೊಳ್ಳುತ್ತೇನೆ, ಕರೆಯಲು ಬೇರೆಯೇ ಹೆಸರಿಡುವವರೂ ಇರುವುದರಿಂದ ಕತ್ತರಿಸುವ ಮುಂಚೆ ಇನ್ನೊಮ್ಮೆ ಕೇಳುತ್ತೇನೆ. ಪತಾಕೆ, ಅಸ್ತರ, ಪಟ್ಟಿ ಎಲ್ಲ ಮೊದಲೇ ತಯಾರಿಟ್ಟರೆ ಕೊನೆಯ ದಿನಕ್ಕೆ ಅಕ್ಷರವಷ್ಟೇ ಉಳಿಯುತ್ತದೆ.

ವಾಟ್ಸಾಪಿನಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಬಂದರೆ ಕತ್ತರಿ ಹಿಡಿಯಬೇಡಿ. ಅದು ಧೃತಿಯೋ ಧ್ರುತಿಯೋ, ಸಾನ್ವಿಯೋ ಶಾನ್ವಿಯೋ ತಿಳಿಯುವುದಿಲ್ಲ. ಕಾಗದದ ಮೇಲೆ ಕನ್ನಡದಲ್ಲಿ ಕೈಯಿಂದ ಬರೆದು ಫೋಟೋ ಕಳಿಸಲು ಹೇಳಿ.

ಅರಿವೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. 30 ಇಂಚು ಪನ್ನಾದ (ಅಗಲದ) 80 ಸೆಂ.ಮೀ. ತುಂಡಿನಲ್ಲಿ, ಹೊಲಿಗೆಗೆ ಸುತ್ತ ಅರ್ಧ ಇಂಚು ಬಿಟ್ಟು 7 × 9 ಇಂಚಿನ 12 ತುಂಡು ಬರುತ್ತವೆ. ಪನ್ನಾ ಎಲ್ಲ ಕಡೆ ಒಂದೇ ಇರುವುದಿಲ್ಲ, ಟೇಪು ಹಿಡಿದು ಅಳೆದೇ ತಗೊಳ್ಳಿ. ಖಣದ ಹಾಸು, ಹೊಕ್ಕು (ಉದ್ದದ ಎಳೆ, ಅಡ್ಡದ ಎಳೆ) ಬೇರೆ ಬೇರೆ ಬಣ್ಣದವಾಗಿದ್ದರೆ ತುಂಡನ್ನು ಅಡ್ಡ ತಿರುಗಿಸಿದ ಕೂಡಲೇ ಬಣ್ಣವೇ ಬದಲಾದಂತೆ ಕಾಣುತ್ತದೆ. ಎಲ್ಲ ತುಂಡೂ ಒಂದೇ ದಿಕ್ಕಿಗೆ ಕತ್ತರಿಸಬೇಕು. ಖಣ ಬೇಗ ಎಳೆ ಬಿಡುತ್ತದೆ, ಹಾಗಾಗಿ ಮೊದಲು ಹಿಂದೆ ಪೇಸ್ಟಿಂಗ್ (ಬಿಸಿಗೆ ಅಂಟುವ ಒಳಬಟ್ಟೆ) ಇಸ್ತ್ರಿ ಮಾಡಿ ಆಮೇಲೆ ಕತ್ತರಿ. ಇಸ್ತ್ರಿ ರೇಷ್ಮೆಯ ಶಾಖದಲ್ಲಿರಲಿ, ಮೇಲೊಂದು ಹತ್ತಿ ಬಟ್ಟೆ ಹಾಸಿ. ಕೆಂಪು, ನೇರಳೆ ಖಣಕ್ಕೆ ಒದ್ದೆ ಬಿಳಿ ಬಟ್ಟೆ ಇಟ್ಟು ಇಸ್ತ್ರಿ ಒತ್ತಿ ನೋಡಿ. ಬಣ್ಣ ಹತ್ತಿದರೆ ಅದರ ಮೇಲೆ ಅಕ್ಷರಕ್ಕೆ ಬಿಳಿ ಫೆಲ್ಟ್ (ನೇಯದೆ ಒತ್ತಿ ಮಾಡಿದ ದಪ್ಪ ಬಟ್ಟೆ) ಬೇಡ.

ಅಕ್ಷರಕ್ಕೆ 2 ಮಿ.ಮೀ. ಫೆಲ್ಟ್. ದಪ್ಪ ಅಚ್ಚಿನ ಅಕ್ಷರ ಪ್ರಿಂಟ್ ತೆಗೆದು, ಎಲ್ಲೂ 6 ಮಿ.ಮೀ.ಗಿಂತ ತೆಳು ಗೆರೆ ಇಲ್ಲದಂತೆ ಪೆನ್ನಿನಿಂದ ದಪ್ಪ ಮಾಡಿ. ತೆಳುವಾದರೆ ಹೊಲಿಗೆಯ ಸೂಜಿಗೇ ಫೆಲ್ಟ್ ಹರಿಯುತ್ತದೆ. ಫೆಲ್ಟಿನ ಹಿಂಬದಿಗೆ ಗುರುತು ಮಾಡುವುದಾದರೆ ಕಾಗದ ಮಗುಚಿ ಇಡಬೇಕು, ಇಲ್ಲದಿದ್ದರೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವಿ ಬರುತ್ತದೆ. ಮಹಾಪ್ರಾಣದ ಸೀಳು ಎಲ್ಲಕ್ಕಿಂತ ಸೂಕ್ಷ್ಮ. ‘ಧ’ದ ಬುಡದಲ್ಲಿರುವ ಆ ಸಣ್ಣ ಗೆರೆಯನ್ನು ಬೇರೆ ತುಂಡಾಗಿ ಕತ್ತರಿಸಿ ಅಂಟಿಸಿದರೆ ಅದು ಒಂದು ದಿನ ಬಿದ್ದು, ಧನ್ಯಾ ಹೋಗಿ ದನ್ಯಾ ಆಗುತ್ತದೆ. ಅದನ್ನು ಫೆಲ್ಟಿನಿಂದ ಮಾಡದೆ, ಆರೆಳೆ ದಾರದಲ್ಲಿ ನಾಲ್ಕೈದು ಸಲ ಒತ್ತಾಗಿ ಹೊಲಿಯುತ್ತೇನೆ. ‘ಥ’ದ ಚುಕ್ಕೆಯೂ ದಾರದ ಗಂಟೇ.

ಬರೀ ಗೋಂದಿನಿಂದ ಹಿಡಿದಿರುವಂಥದ್ದು ಯಾವುದೂ ನನ್ನ ತೋರಣದಲ್ಲಿಲ್ಲ. ನಮ್ಮ ಊರಿನ ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಅಂಟು ಬಿಡುತ್ತದೆ, ಬಿದ್ದ ತುಂಡು ಹೋಗುವುದು ಮಗುವಿನ ಬಾಯಿಗೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸುವ ಕೊಳವೆಯ ಒಳ ಅಗಲ 31.7 ಮಿ.ಮೀ. ಅದರೊಳಗೆ ಪೂರ್ತಿ ಇಳಿಯುವ ಮಣಿ, ಗೆಜ್ಜೆ, ಗುಂಡಿ ನಾನು ಹಚ್ಚುವುದಿಲ್ಲ, ಎಷ್ಟು ಕೇಳಿದರೂ. ತೋರಣ ಗೋಡೆಗೆ ಮಾತ್ರ, ತೊಟ್ಟಿಲಿಗೆ ಕಟ್ಟಬಾರದೆಂದು ಚೀಟಿಯಲ್ಲಿ ಬರೆದಿಡುತ್ತೇನೆ. ಉದ್ದ ದಾರ ಕೊರಳಿಗೆ ಸುತ್ತಿಕೊಳ್ಳಬಹುದು. ಅರಳೆ ತುಂಬಿದ ಗಿಣಿ, ಆನೆ ಮಾರುವವರು ಇನ್ನೊಂದು ಗಮನಿಸಬೇಕು. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಯಾರಿಸಿದ್ದಕ್ಕೆ ವಿನಾಯಿತಿ ಕೊಟ್ಟಿದ್ದಾರೆ.

ಮೇಲಿನ ಪಟ್ಟಿ: ನಾಲ್ಕು ಪತಾಕೆಗೆ 24 ಇಂಚು, ನಡುವೆ ಒಂದೊಂದು ಇಂಚಿನಂತೆ 3, ಕಟ್ಟಲು ಎರಡೂ ಕಡೆ 18ರಂತೆ 36, ಒಟ್ಟು 63 ಇಂಚು. ಬರೀ ಕ್ರಾಸ್ ಪಟ್ಟಿ ಹಾಕಿದರೆ ವಾರದಲ್ಲಿ ನಡುವೆ ಜೋತುಬೀಳುತ್ತದೆ, ಏಕೆಂದರೆ ಓರೆ ಕತ್ತರಿಸಿದ ಬಟ್ಟೆ ಹಿಗ್ಗುತ್ತದೆ. ಪಟ್ಟಿಯೊಳಗೆ ಒಂದು ನೇರ ಲಾಡಿ ಇಟ್ಟು ಹೊಲಿಯಿರಿ.

ದರ ಅಕ್ಷರದ ಲೆಕ್ಕದಲ್ಲೇ ಹೇಳಬೇಕು, ಹೆಸರಿನ ಲೆಕ್ಕದಲ್ಲಲ್ಲ. ಒಂದು ಪತಾಕೆಗೆ ಖಣ 15 ರೂಪಾಯಿ, ಅಸ್ತರ 5, ಫೆಲ್ಟ್ 7, ಪೇಸ್ಟಿಂಗ್ 4, ದಾರ ಪಟ್ಟಿ 4, ಕೂಡಿಸಿ 35. ಸಾದಾ ಅಕ್ಷರಕ್ಕೆ 24 ನಿಮಿಷ, ಒತ್ತಿದ್ದರೆ 42. ತಾಸಿಗೆ 100ರಂತೆ ಕೂಲಿ 40 ಮತ್ತು 70. ಅದರ ಮೇಲೆ ಹಾಳಾಗುವುದಕ್ಕೆ, ಪ್ಯಾಕಿಂಗಿಗೆ, ಫೋನಿನ ಹೊತ್ತಿಗೆ ನೂರಕ್ಕೆ 20. ಹೀಗೆ ಸಾದಾಕ್ಕೆ 90, ಒತ್ತಿಗೆ 126, ಚಿಲ್ಲರೆ ಬಿಟ್ಟು 125. ಫೋನಿನ ಹೊತ್ತನ್ನು ಹಿಡಿಯದವರೇ ಹೆಚ್ಚು, ಅಲ್ಲೇ ಕೂಲಿ ಸೋರಿಹೋಗುತ್ತದೆ. ಐಶ್ವರ್ಯಾ ಮೂರೇ ಪತಾಕೆ, ಆದರೆ ಎರಡರಲ್ಲಿ ಒತ್ತಿದೆ: 340. ಸಾನ್ವಿಯಂಥ ಎರಡಕ್ಷರದ ಹೆಸರು ಗೋಡೆಯ ಮೇಲೆ ಚಿಕ್ಕದಾಗಿ ಕಾಣುವುದರಿಂದ ಎರಡೂ ತುದಿಗೆ 90ರ ಗಿಣಿ ಪತಾಕೆ ಸೇರಿಸಿ 395 ಹೇಳುತ್ತೇನೆ.

ಗದಗ, ಹಾವೇರಿಗೆ ಬಸ್ಸಿನ ಪಾರ್ಸಲ್. ಮಡಚಿ ಕಳಿಸಿದರೆ ಒತ್ತಿನ ಮೇಲೆ ಬಿದ್ದ ಗೆರೆ ಇಸ್ತ್ರಿಗೂ ಹೋಗುವುದಿಲ್ಲ. ಬಟ್ಟೆ ಅಂಗಡಿಯ ಥಾನಿನ ಒಳಗಿನ ರಟ್ಟಿನ ಕೊಳವೆ ತಂದು, ಅಕ್ಷರ ಹೊರಗಿರುವಂತೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಕಿ ಕಳಿಸುತ್ತೇನೆ.