ಮದ್ದಿನ ಪಂಪಿನ ಕೈಗೆ ಸಿಕ್ಕಿದ ಏರ್ ರೈಫಲು

ಇದನ್ನು ಬರೆಯುವ ಹೊತ್ತಿಗೆ ಮಗಳ ಏರ್ ರೈಫಲಿಗೆ ಗಾಳಿ ತುಂಬಿಸಿ ಹನ್ನೊಂದು ದಿನವಾಯಿತು. ಮೊದಲ ಬೆಳಗ್ಗೆ 195ರಲ್ಲಿದ್ದ ಗೇಜಿನ ಮುಳ್ಳು ಈಗ 192ರಲ್ಲಿದೆ. ಮಳೆಗಾಲದ ಆಟಿ ತಿಂಗಳಲ್ಲಿ ಇದೇ ರೈಫಲಿಗೆ ಸಂಜೆ 200 ಬಾರ್ (ಬಾರ್ ಎಂದರೆ ಗಾಳಿಯ ಒತ್ತಡದ ಅಳತೆ) ತುಂಬಿಸಿಟ್ಟರೆ ಬೆಳಗಾಗುವಾಗ 150 ಕೂಡ ಉಳಿಯುತ್ತಿರಲಿಲ್ಲ.

ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ತೋಟ. ಅಡಿಕೆಗೆ ಮದ್ದು ಬಿಡುವ ಪಂಪುಗಳನ್ನು ಇಪ್ಪತ್ತೈದು ವರ್ಷದಿಂದ ನಾನೇ ಬಿಚ್ಚಿ ಜೋಡಿಸುತ್ತಿದ್ದೇನೆ. ಆದರೂ ರೈಫಲು ಬಿಚ್ಚುತ್ತೇನೆ ಎಂದಾಗ ನಂಬಿದವರು ಒಬ್ಬರೂ ಇಲ್ಲ. ಮಗಳಿಗೆ ಶೂಟಿಂಗ್ ಕಲಿಸುವವರು ಕೈ ಮುಗಿದು ಬೇಡವೆಂದರು. ದೂರದ ಊರಿನ ಸರ್ವಿಸ್‌ನವರು ಫೋನಿನಲ್ಲೇ 14,000 ರೂಪಾಯಿ, ಎರಡು ತಿಂಗಳು ಎಂದರು. ಕಳುಹಿಸುವ ಖರ್ಚು ಬೇರೆ. ಬಾವನಂತೂ, "ಮದ್ದಿನ ಪಂಪಿನದ್ದು 30 ಬಾರ್ ಬಾವ, ಇದು 200. ಕೈ ಹೋದರೆ ಅಡಿಕೆ ಸುಲಿಯುವವರು ಯಾರು?" ಎಂದ. ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ ಕೊಟ್ಟು ತಂದ ಹಳೆಯ ಮ್ಯಾಚ್ (ಸ್ಪರ್ಧೆಯ) ರೈಫಲು. ಅಳುಕು ನನಗೂ ಇತ್ತು.

ಮೊದಲು ನೋಡಿದ್ದು ರೈಫಲಿನ ಗಾಳಿ ತುಂಬುವ ಸಿಲಿಂಡರಿನ ಮೇಲಿನ ತಾರೀಖು. ಈ ಬಗೆಯ ಅಲ್ಯೂಮಿನಿಯಂ ಸಿಲಿಂಡರುಗಳಿಗೆ ಸಾಮಾನ್ಯವಾಗಿ 10 ವರ್ಷದ ಆಯುಸ್ಸು. ನಮ್ಮದಕ್ಕೆ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ಅವಧಿ ಮುಗಿದದ್ದಾಗಿದ್ದರೆ ಮುಟ್ಟುತ್ತಲೇ ಇರಲಿಲ್ಲ. ಅದರಲ್ಲಿ ಜಿಪುಣತನ ಮಾಡುವವರ ಜೊತೆ ನನಗೆ ಮಾತಿಲ್ಲ.

ಸಿಲಿಂಡರನ್ನು ರೈಫಲಿನಿಂದ ಬಿಚ್ಚಿ ಬಾಲ್ದಿಯ ನೀರಿನಲ್ಲಿ ಮುಳುಗಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಆದರೂ ಬೆಳಗ್ಗೆ ಗೇಜು ಎಂಟು ಬಾರ್ ಇಳಿದಿತ್ತು. ಗುಳ್ಳೆಯಿಲ್ಲದೆ ಗಾಳಿ ಹೋದದ್ದೆಲ್ಲಿಗೆ? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಪಂಪು ಹೊಡೆಯುವಾಗ ಸಿಲಿಂಡರು ಬಿಸಿಯಾಗುತ್ತದೆ, ರಾತ್ರಿಯ ಮಳೆಗೆ ತಣ್ಣಗಾಗುತ್ತದೆ. ಹತ್ತು ಡಿಗ್ರಿ ಇಳಿದರೆ 200 ಬಾರ್‌ನಲ್ಲಿ ಆರೇಳು ಬಾರ್ ತಾನಾಗಿ ಕಡಿಮೆಯಾಗುತ್ತದೆ. ಗೇಜನ್ನು ನಂಬಿ ಕೂತರೆ ಇಲ್ಲದ ಸೋರಿಕೆಯನ್ನು ಹುಡುಕುತ್ತಾ ಮಳೆಗಾಲ ಕಳೆಯಬೇಕು.

ಅದಕ್ಕೇ ತೂಗತೊಡಗಿದೆ. ಗಾಳಿಗೂ ತೂಕವಿದೆಯಲ್ಲ! ನಮ್ಮ 200 ಮಿಲಿಲೀಟರ್ ಸಿಲಿಂಡರಿನಲ್ಲಿ 200 ಬಾರ್ ಗಾಳಿ ಎಂದರೆ ಸುಮಾರು 45 ಗ್ರಾಂ. ಐದು ಬಾರ್ ಸೋರಿದರೆ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚೇ ಕಡಿಮೆಯಾಗಬೇಕು. ಬಿಸಿಲಿಗೂ ಮಳೆಗೂ ಈ ಲೆಕ್ಕ ಬದಲಾಗುವುದಿಲ್ಲ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿಗೆ ಕೊಟ್ಟದ್ದು 350 ರೂಪಾಯಿ. ಎರಡು ದಿನ ತೂಗಿದೆ, ಕಾಳಿನಷ್ಟೂ ಇಳಿಯಲಿಲ್ಲ. ಅಲ್ಲಿಗೆ ಸಿಲಿಂಡರು ನಿರಪರಾಧಿ. ಕಳ್ಳ ರೈಫಲಿನೊಳಗೇ ಇದ್ದ.

ಸಿಲಿಂಡರು ಹಾಕಿ ನಳಿಗೆಯ ಬಾಯಿಗೆ ಬಲೂನು ಸಿಕ್ಕಿಸಿ ಮಲಗಿದೆ. ಬೆಳಗ್ಗೆ ಬಲೂನು ಉಬ್ಬಿತ್ತು. ಹೊಡೆತದ ವಾಲ್ವಿನ (ಗುಂಡಿಗೆ ಗಾಳಿ ಬಿಡುವ ವಾಲ್ವು) ಸೀಟು, ಅಂದರೆ ಅದು ಮುಚ್ಚಿ ಕೂರುವ ಜಾಗ, ಹೋಗಿದೆ ಎಂದು ಎಲ್ಲರೂ ಹೇಳಿದ್ದು ನಿಜವೇ ಎನ್ನಿಸಿತು. ಗಾಳಿ ಪೂರ್ತಿ ಬಿಟ್ಟು, ಗೇಜು ಸೊನ್ನೆ ತೋರಿಸಿದ ಮೇಲೂ ನಾಲ್ಕು ಸಲ ಖಾಲಿ ಹೊಡೆದು (ಗೇಜಿನ ಸೊನ್ನೆಯನ್ನು ನಂಬಿ ಬಿಚ್ಚಿದವರ ಕಣ್ಣಿನ ಕಥೆ ಕೇಳಿದ್ದೇನೆ), ಬಿಚ್ಚಿ ನೋಡಿದರೆ ಸೀಟಿನ ಸುತ್ತ ಬಿಳಿ ಪುಡಿ. ಮಳೆಗಾಲದ ನಮ್ಮ ಗಾಳಿಯನ್ನು ಕೈಪಂಪಿನಲ್ಲಿ ಒತ್ತಿದರೆ ಅದರ ನೀರೆಲ್ಲ ಒಳಗೇ ಇಳಿಯುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಕಾಸರಗೋಡಿನಲ್ಲಿ ಅಲ್ಯೂಮಿನಿಯಂ ಬಿಳಿ ತುಕ್ಕು ಹಿಡಿಯದೆ ಇರುತ್ತದೆಯೇ?

ಬದಿಯಡ್ಕದಲ್ಲಿ ಲೇತ್ ಇಟ್ಟವರಿಂದ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ತುಂಡಿನಲ್ಲಿ ಹೊಸ ಸೀಟು ಮಾಡಿಸಿದೆ. ಮೊದಲನೆಯದು ಓರೆಯಾಗಿತ್ತು, ಎರಡನೆಯದು ಕೂತಿತು. ಎರಡಕ್ಕೂ ಸೇರಿ 1,200 ರೂಪಾಯಿ. ಕೋನ ಎಷ್ಟು ಡಿಗ್ರಿ, ಕೊನೆಯ ಹೊಳಪು ಯಾವುದರಿಂದ ಎಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ಹದಿನೈದು ದಿನ ಬೆರಳು ಸವೆಸಿಕೊಂಡು ಕಲಿತದ್ದು ಅದು. ಹೊಳಪಿನ ವಸ್ತು ಅಡುಗೆಮನೆಯಲ್ಲೇ ಇದೆ ಎಂದಷ್ಟೇ ಹೇಳಬಲ್ಲೆ.

ಬಲೂನು ಉಬ್ಬುವುದು ನಿಂತಿತು. ಸೋರಿಕೆ ಮಾತ್ರ ಅರ್ಧಕ್ಕೆ ಇಳಿಯಿತೇ ಹೊರತು ನಿಲ್ಲಲಿಲ್ಲ. ಬಾವ ನಕ್ಕ.

ಈ ನಡುವೆ ಅವನದೂ ಒಂದು ಪ್ರಯೋಗ ನಡೆದಿತ್ತು. ಕೈಪಂಪು ಬಿಗಿಯಾಗಿದೆಯೆಂದು, ನಾನಿಲ್ಲದಾಗ ಅದರ ದಂಡಕ್ಕೆ ತೆಂಗಿನೆಣ್ಣೆ ಸವರಿದ್ದ. ನಮ್ಮೂರಿನಲ್ಲಿ ತಲೆಯಿಂದ ಹಿಡಿದು ಬಾಗಿಲಿನ ತಿರುಗಣಿವರೆಗೆ ಎಲ್ಲಕ್ಕೂ ಅದೇ ಔಷಧ. ಪಂಪು ಹೊಡೆಯುವಾಗ ಹಪ್ಪಳ ಕರಿದ ವಾಸನೆ ಬಂತು! ಒತ್ತಿದ ಬಿಸಿ ಗಾಳಿಯಲ್ಲಿ ಎಣ್ಣೆ ಡೀಸೆಲ್ ಎಂಜಿನಿನಲ್ಲಿ ಹೊತ್ತುವ ಹಾಗೆಯೇ ಹೊತ್ತಿಕೊಳ್ಳಬಹುದು. ಪಂಪು ಪೂರ್ತಿ ಬಿಚ್ಚಿ ತೊಳೆಯಲು ಒಂದು ಭಾನುವಾರ ಹೋಯಿತು. ಸಿಲಿಕೋನ್ ಗ್ರೀಸ್ ಬಿಟ್ಟು ಬೇರೇನನ್ನೂ ಮುಟ್ಟಿಸಕೂಡದು, ಅದೂ ಉಗುರಿನ ತುದಿಯಷ್ಟೇ.

ಸಾಬೂನು ನೊರೆಯನ್ನು ಎಲ್ಲ ಸಂದುಗಳಿಗೂ ಹಚ್ಚಿ ಸೋತಿದ್ದೆ. ಒಂದು ಜಾಗ ಮಾತ್ರ ಬಿಟ್ಟುಹೋಗಿತ್ತು: ಸಿಲಿಂಡರಿನ ಒತ್ತಡವನ್ನು ಇಳಿಸಿ ಒಂದೇ ಸಮ ಕೊಡುವ ರೆಗ್ಯುಲೇಟರಿನ ಬದಿಯ ಉಸಿರಿನ ರಂಧ್ರ. ಸೂಜಿ ಹೋಗುವಷ್ಟು ಕಿರಿದು, ಇರಬೇಕಾದ ತೂತೇ ಅಲ್ಲವೇ ಎಂದು ಲಕ್ಷ್ಯ ಕೊಟ್ಟಿರಲಿಲ್ಲ. ಅಲ್ಲಿಗೆ ಒಂದು ಹನಿ ಇಟ್ಟು ಟಾರ್ಚು ಹಿಡಿದು ಕೂತೆ. ನೊರೆ ಎದ್ದಿತು. ಪಿಸ್ಟನ್ನಿನ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಉಂಗುರ) ಹೋಗಿದ್ದರೆ ಗಾಳಿ ಬರುವುದು ಆ ರಂಧ್ರದಿಂದಲೇ. ಮದ್ದಿನ ಪಂಪಿನಲ್ಲಿಯೂ ಹಾಗೆಯೇ. ವಾಶರ್ ಸವೆದರೆ ಹನಿ ತೊಟ್ಟಿಕ್ಕುವುದು ಕೆಳಗಿನ ತೂತಿನಿಂದ. ಇಪ್ಪತ್ತೈದು ವರ್ಷ ನೋಡಿದ್ದನ್ನೇ ಇಲ್ಲಿ ಮರೆತಿದ್ದೆ.

ಓ-ರಿಂಗಿನಲ್ಲಿ ಹೋದ ದುಡ್ಡು ಹೇಳಿದರೆ ನಗುತ್ತೀರಿ. ಮೊದಲು ತರಿಸಿದ್ದು 400 ರೂಪಾಯಿಯ ಡಬ್ಬಿ, ಇನ್ನೂರಕ್ಕೂ ಹೆಚ್ಚು ಉಂಗುರಗಳು. ದಪ್ಪ 2 ಮಿಲಿಮೀಟರ್. ನಮ್ಮ ರೈಫಲಿಗೆ ಬೇಕಾದದ್ದು ಇಂಚಿನ ಲೆಕ್ಕದ 1.78 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಒತ್ತಿ ಕೂರಿಸಿದೆ, ಅಂಚು ಕತ್ತರಿಸಿ ಬಂತು. ಆಮೇಲೆ ಮಂಗಳೂರಿನ ಬಂದರಿನ ಹತ್ತಿರದ ಅಂಗಡಿಯಿಂದ ಸರಿಯಾದ ಅಳತೆಯ ನೈಟ್ರೈಲ್ ರಬ್ಬರಿನದ್ದು ತಂದೆ, 70 ಶೋರ್ ಗಡಸುತನದ್ದು. ಒಂದೂವರೆ ದಿನ ಹಿಡಿದು ಕೈಕೊಟ್ಟಿತು. ತೆಗೆದು ನೋಡಿದರೆ ಇಲಿ ಕಡಿದ ಹಾಗೆ ಒಂದು ಬದಿ ಹರಿದಿತ್ತು. ಒತ್ತಡಕ್ಕೆ ಸಂದಿಯೊಳಗೆ ತುರುಕಿಕೊಂಡಿದೆ. ಮೂರನೆಯ ಸಲ 90 ಶೋರ್. ಒಂದಕ್ಕೆ ಹನ್ನೆರಡೋ ಹದಿನೈದೋ ರೂಪಾಯಿ, ಬಸ್ಸಿಗೆ ಅದಕ್ಕಿಂತ ಹೆಚ್ಚು. ಹಾಕುವಾಗ ಥ್ರೆಡ್ಡಿನ ಮೇಲೆ ಟೆಫ್ಲಾನ್ ಟೇಪು ಸುತ್ತಿ, ಅದರ ಮೇಲೆ ಜಾರಿಸಿ, ಆಮೇಲೆ ಟೇಪು ಎಳೆದು ತೆಗೆದೆ. ಇಲ್ಲದಿದ್ದರೆ ಥ್ರೆಡ್ಡೇ ಗರಗಸ.

ರೆಗ್ಯುಲೇಟರಿನ ಬಟ್ಟಲು ವಾಶರುಗಳಲ್ಲಿ ಒಂದನ್ನು ತಿರುವುಮುರುವು ಹಾಕಿ ಗುಂಡಿನ ವೇಗ ಸೆಕೆಂಡಿಗೆ 150 ಮೀಟರಿಗೆ ಇಳಿದದ್ದೂ ಉಂಟು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿದ್ದೆ, ಆದರೆ ಅದು ಮಸುಕಾಗಿತ್ತು. ಮತ್ತೆ ಬಿಚ್ಚಿ ಸರಿಪಡಿಸಿದೆ. ಎರವಲು ತಂದ ವೇಗಮಾಪಕದಲ್ಲಿ ಈಗ ಹತ್ತು ಗುಂಡುಗಳೂ ಸೆಕೆಂಡಿಗೆ 170ರಿಂದ 173 ಮೀಟರಿನೊಳಗೆ ಇವೆ.

ಪಂಪಿಗೆ ಈಗ ಸಿಲಿಕಾ ಜೆಲ್ ತುಂಬಿದ ಫಿಲ್ಟರ್ ಇದೆ. ನೀಲಿ ಹರಳು ಗುಲಾಬಿಯಾದರೆ ಹುರಿದು ಒಣಗಿಸಬೇಕು. ದೋಸೆಯ ಕಾವಲಿಯಲ್ಲಿ ಹುರಿದು ಬೈಗುಳ ತಿಂದೆ. ಬೈದದ್ದು ನ್ಯಾಯವೇ, ಆ ನೀಲಿ ಬಣ್ಣ ವಿಷ. ಹೊಸ ಕಾವಲಿಗೆ 600. ಅದನ್ನೂ ಸೇರಿಸಿದರೆ ಒಟ್ಟು ಖರ್ಚು ನಾಲ್ಕು ಸಾವಿರದ ಆಸುಪಾಸು. ಅದರಲ್ಲಿ ಅರ್ಧ ದಂಡ.

ಸುದ್ದಿ ಹರಡಿ, ಮಂಗ ಓಡಿಸುವ ಕೋವಿ ಸರಿಮಾಡಿಕೊಡಿ ಎಂದು ಇಬ್ಬರು ಬಂದಿದ್ದರು. ಕಾಫಿ ಕೊಟ್ಟು ಕಳುಹಿಸಿದೆ.

ನಿನ್ನೆ ಬಾವ ಬಂದು ಗೇಜು ನೋಡಿದ. "ಮುಳ್ಳೇ ಅಂಟಿಕೊಂಡಿರಬೇಕು ಬಾವ" ಎಂದ. ನಾನು ಮಾತಾಡದೆ ಸಿಲಿಂಡರು ಬಿಚ್ಚಿ ತಕ್ಕಡಿಯಲ್ಲಿಟ್ಟೆ. ಮೊದಲ ದಿನ 389.6 ಗ್ರಾಂ ಇದ್ದದ್ದು 388.9. ಅದರಲ್ಲಿ ಕಾಲು ಗ್ರಾಂ ಬಿಚ್ಚುವಾಗಲೇ ಹಾರಿಹೋದದ್ದು. ಅವನು ತಕ್ಕಡಿಯನ್ನು ಎತ್ತಿ ಅಡಿಯನ್ನೂ ನೋಡಿದ.