ಡಚ್ ಊರುಗಳ ಹೆಸರನ್ನು ಬಿಡಿಸಿ ಓದುವುದು ಹೇಗೆ?

ಬದಿಯಡ್ಕ, ಕಾರಡ್ಕ, ಬೇಡಡ್ಕ ಎಂದೊಡನೆ ಕಾಸರಗೋಡಿನ ನಮಗೆ ಕೊನೆಯ ‘ಅಡ್ಕ’ದಿಂದಲೇ, ಅಂದರೆ ಬಯಲು ಜಾಗ ಎಂಬ ಪದದಿಂದಲೇ, ನೆಲದ ಬಗೆ ತಿಳಿಯುತ್ತದೆ. ನೆದರ್ಲೆಂಡ್ಸಿನ ಊರುಗಳ ಹೆಸರನ್ನೂ ಹಾಗೆಯೇ ಹಿಂದಿನಿಂದ ಮುಂದಕ್ಕೆ ಓದಬೇಕು.

ಮೊದಲು ಕೊನೆಯ ಭಾಗವನ್ನು ಬೇರ್ಪಡಿಸಿ, ಅದಕ್ಕೆ ನೀರಿನ ನಂಟಿದೆಯೇ ಎಂದು ನೋಡಿ. ‘ಡ್ಯಾಮ್’ ಎಂದರೆ ಅಡ್ಡಗಟ್ಟೆ. ಆಮ್‌ಸ್ಟೆಲ್ ಹೊಳೆಗೆ ಕಟ್ಟಿದ್ದರಿಂದ ಆಮ್‌ಸ್ಟರ್‌ಡ್ಯಾಮ್, ರಾಟೆ ಹೊಳೆಗೆ ಕಟ್ಟಿದ್ದರಿಂದ ರಾಟರ್‌ಡ್ಯಾಮ್. ನಮ್ಮ ಅಡಿಕೆ ಕೃಷಿಕರು ಮಳೆಗಾಲ ಕಳೆದ ಮೇಲೆ ತೋಡಿಗೆ ಹಾಕುವ ಕಟ್ಟ ತೋಟಕ್ಕೆ ನೀರು ನಿಲ್ಲಿಸುವುದಕ್ಕಾದರೆ, ಅಲ್ಲಿಯದು ಹೊರಗಿನ ನೀರು ಉಕ್ಕಿ ಒಳನುಗ್ಗದಂತೆ ತಡೆಯುವುದಕ್ಕೆ. ‘ಡೈಕ್’ ಎಂದರೆ ಏರಿ. ‘ವೇನ್’ ಎಂದರೆ ಸಸ್ಯಗಳು ಕೊಳೆತು ಪದರಗಟ್ಟಿದ ಜೌಗುನೆಲ. ಅಲ್ಲಿನ ಮಣ್ಣನ್ನು ಅಗೆದು ಒಣಗಿಸಿ ಉರುವಲಾಗಿ ಮಾರುತ್ತಿದ್ದರು. 1551ರಲ್ಲಿ ಸಿರಿವಂತ ಒಡೆಯರು ಈ ವ್ಯಾಪಾರಕ್ಕೆಂದೇ ನೆಲೆಗೊಳಿಸಿದ ಊರು ಹೇರೆನ್‌ವೇನ್, ಅಂದರೆ ಒಡೆಯರ ಜೌಗು.

ಆಮೇಲೆ ಹೆಸರಿನ ಹಳೆಯ ರೂಪವನ್ನು ಹುಡುಕಿ. ಈ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದುದು ಇನ್ನೊಂದಿಲ್ಲ. 1275ರಲ್ಲಿ ಐದನೆಯ ಫ್ಲೋರಿಸ್ ಎಂಬ ಕೌಂಟ್, ಅಂದರೆ ಆ ಸೀಮೆಯ ಒಡೆಯ, ಸುಂಕ ವಿನಾಯಿತಿ ನೀಡಿದ ಪತ್ರದಲ್ಲಿ ಆಮ್‌ಸ್ಟೆಲ್ ಕಟ್ಟೆಯ ಬಳಿ ವಾಸಿಸುವ ಜನರೆಂದೇ ಬರೆದಿರುವುದರಿಂದ, ಆ ಊರಿನ ಹೆಸರಿನ ಬಗ್ಗೆ ಊಹೆಗೆ ಎಡೆಯೇ ಇಲ್ಲ. ಹಳೆಯ ರೂಪ ನೋಡದೆ ಕಿವಿಯನ್ನಷ್ಟೇ ನಂಬಿದರೆ ಯುಟ್ರೆಕ್ಟ್, ಮಾಸ್ಟ್ರಿಕ್ಟ್, ಡಾರ್ಡ್ರೆಕ್ಟ್ ಒಂದೇ ಬಳಗವೆನಿಸುತ್ತವೆ. ಮೊದಲೆರಡು ರೋಮನ್ನರು ಬಿಟ್ಟುಹೋದ ‘ಟ್ರಾಯೆಕ್ಟಮ್’ ಎಂಬ ಲ್ಯಾಟಿನ್ ಪದದಿಂದ, ಅಂದರೆ ನದಿ ದಾಟುವ ಜಾಗದಿಂದ ಬಂದವು. ‘ಡ್ರೆಕ್ಟ್’ ಸ್ಥಳೀಯವಾದ ಹಳೆಯ ಜರ್ಮಾನಿಕ್ ಪದ.

ಹೆಸರಿನ ಮೊದಲಿಗೆ ಒಂಟಿ ‘ಸ್’ ಕಂಡರೆ ಅದು ‘ಡೆಸ್’ ಎಂಬ ಷಷ್ಠೀ ರೂಪದ ಉಳಿಕೆಯೆಂದು ತಿಳಿಯಿರಿ: ಸ್‌ಹೆರ್ಟೋಗೆನ್‌ಬಾಸ್ ಎಂದರೆ ಡ್ಯೂಕನ ಕಾಡು, ಸ್‌ಗ್ರಾವೆನ್‌ಹಾಗೆ ಎಂದರೆ ಕೌಂಟನ ಬೇಲಿಯೊಳಗಿನ ನೆಲ. ಈ ಎರಡನೆಯದೇ ನಾವು ಹೇಗ್ ಎನ್ನುವ ನಗರ.

ಕೊನೆಗೆ ಹೆಸರನ್ನು ಇಂದಿನ ನಕಾಶೆಯೊಂದಿಗೆ ಹೋಲಿಸಿ. ಅವು ಹೊಂದದಿದ್ದರೆ ಹೆಸರು ತಪ್ಪೆಂದು ತೀರ್ಮಾನಿಸದೆ, ನೆಲ ಬದಲಾಯಿತೇ ಎಂದು ವಿಚಾರಿಸಿ. ಹಾರ್ಲೆಮ್ಮರ್‌ಮೇರ್ ಎಂಬುದರಲ್ಲಿ ‘ಮೇರ್’ ಎಂದರೆ ಸರೋವರ, ಆದರೆ ನಕಾಶೆಯಲ್ಲಿ ಅಲ್ಲಿ ಸರೋವರವಿಲ್ಲ. ಉಗಿಯಂತ್ರದ ಮೂರು ಪಂಪ್ ಕೇಂದ್ರಗಳು 1852ರ ಹೊತ್ತಿಗೆ ಅದನ್ನು ಬತ್ತಿಸಿದವು, ಮತ್ತು ಸ್ಖಿಪೋಲ್ ವಿಮಾನ ನಿಲ್ದಾಣ ಈಗಿರುವುದು ಆ ಸರೋವರದ ತಳದಲ್ಲೇ.