ಇಗ್ಬೋ ಓಗಾಗಳ ದಾರಿ ಹಿಡಿದು ಅಂಗಡಿ ಬೆಳೆಸಿದೆ: ಲೇಗೋಸ್‌ನಲ್ಲಿ ನನ್ನ ಅನುಭವ

ನಾನು ನೈಜೀರಿಯಾದ ಲೇಗೋಸ್‌ನಲ್ಲಿ ಕೆಕೆ ಬಿಡಿಭಾಗ ಮಾರುತ್ತೇನೆ. ಕೆಕೆ ಅಂದರೆ ನಮ್ಮ ಆಟೋನೇ. ಕ್ಲಚ್ ಪ್ಲೇಟ್, ಕೇಬಲ್, ಸಿಡಿಐ, ಬ್ರೇಕ್ ಶೂ, 4.00-8 ಟೈರು, ಇಂಥವು. ಸುಮಾರು ಅರ್ಧ ಮಾಲು ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಿಂದ ಬರುತ್ತದೆ, ಮಿಕ್ಕಿದ್ದು ರಾಜ್‌ಕೋಟ್ ಮತ್ತು ದೆಹಲಿಯಿಂದ. ಫಾರ್ಮ್ ಎಂ, ಸೊನ್‌ಕ್ಯಾಪ್ ಅನ್ನುವ ಆಮದು ಕಾಗದಗಳು, ಅಪಾಪಾ ಬಂದರಿನ ಡೆಮರೇಜ್ (ಮಾಲು ಬಿಡಿಸೋದು ತಡವಾದರೆ ಕಟ್ಟುವ ದಂಡ) ಇವೆಲ್ಲ ಈ ಲೈನಿನಲ್ಲಿ ಇರುವವರಿಗೆ ಗೊತ್ತಿರುವುದೇ. ಅದನ್ನು ಬಿಡೋಣ. ನಾನು ಹೇಳಬೇಕಾಗಿರುವುದು ಒಂದೇ ವಿಷಯ. ಸಂಬಳದ ಸೇಲ್ಸ್‌ಮನ್‌ಗಳನ್ನು ಬಿಟ್ಟು, ಆಗ್ನೇಯ ನೈಜೀರಿಯಾದ ಇಗ್ಬೋ ಜನಾಂಗದ ಓಗಾಗಳ, ಅಂದರೆ ವ್ಯಾಪಾರಿ ಯಜಮಾನರ, ಹಾಗೆ ಹುಡುಗರನ್ನು ಮನೆಗೆ ಕರೆದುಕೊಂಡು, ಕೆಲಸ ಕಲಿಸಿ, ಕೊನೆಗೆ ಬಂಡವಾಳ ಕೊಟ್ಟು ಅವರದ್ದೇ ಅಂಗಡಿ ಹಾಕಿಸಿಕೊಟ್ಟೆ. ಲೇಗೋಸ್‌ನ ಇಲುಪೇಜು ಬಡಾವಣೆಯ ನಮ್ಮ ಭಾರತೀಯರು "ದಾನ ಮಾಡೋಕೆ ಬಂದಿದ್ದೀಯಾ, ವ್ಯಾಪಾರ ಮಾಡೋಕಾ?" ಅಂತ ಕೇಳಿದ್ದರು. ಅವರಲ್ಲಿ ಇಬ್ಬರು ಈಗ ನನ್ನ ಲೆಕ್ಕದ ಪುಸ್ತಕ ನೋಡಿಕೊಂಡು ಹೋಗಿದ್ದಾರೆ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದ್ದೆ. ಒನಿಚಾ, ಆಬಾ, ಪೋರ್ಟ್ ಹಾರ್ಕೋರ್ಟ್‌ನಲ್ಲಿ ಬ್ರಾಂಚು, ಪ್ರತಿ ಬ್ರಾಂಚಿಗೂ ಒಬ್ಬ ಮ್ಯಾನೇಜರ್, ಸಂಬಳ, ಕಮಿಷನ್. ವರ್ಷಕ್ಕೆ ಸ್ಟಾಕಿನ ಒಂಬತ್ತು-ಹತ್ತು ಪರ್ಸೆಂಟ್ ಮಾಯವಾಗುತ್ತಿತ್ತು. ಒಬ್ಬ ನನ್ನ ಡಬ್ಬದಲ್ಲೇ ಡೂಪ್ಲಿಕೇಟ್ ಬೇರಿಂಗ್ ತುಂಬಿ ಮಾರುತ್ತಿದ್ದ, ಅಸಲಿ ಮಾಲನ್ನು ಪಕ್ಕದ ಅಂಗಡಿಗೆ ಕೊಡುತ್ತಿದ್ದ. ಆಮೇಲೆ ಡೀಲರ್‌ಗಳಿಗೆ ಉದ್ರಿ ಕೊಟ್ಟು ಮುಂದಿನ ತಾರೀಕಿನ ಚೆಕ್ ಇಸಕೊಂಡೆ. ಸುಮಾರು ಎರಡು ಕೋಟಿ ನೈರಾ ಚೆಕ್‌ಗಳಲ್ಲಿ ಅರ್ಧಕ್ಕರ್ಧ ಬೌನ್ಸ್ ಆದವು. ಕೋರ್ಟಿಗೆ ಹೋದರೆ ವಕೀಲನಿಗೆ ಮಾತ್ರ ಲಾಭ. ಬ್ಯಾಂಕಿನ ಓವರ್‌ಡ್ರಾಫ್ಟ್‌ಗೆ 25 ಪರ್ಸೆಂಟ್‌ಗಿಂತ ಜಾಸ್ತಿ ಬಡ್ಡಿ. ಅದರ ಮೇಲೆ 2016ರ ಜೂನ್ ಬಂತು. ಡಾಲರ್‌ಗೆ 197ರ ಹತ್ತಿರ ಕಟ್ಟಿ ನಿಲ್ಲಿಸಿದ್ದ ನೈರಾವನ್ನು ಸೆಂಟ್ರಲ್ ಬ್ಯಾಂಕ್ ಮಾರುಕಟ್ಟೆ ಬೆಲೆಗೆ ಬಿಟ್ಟುಬಿಟ್ಟಿತು, ಒಂದೇ ದಿನಕ್ಕೆ 280 ದಾಟಿತು. ಬ್ಯಾಂಕಿನಲ್ಲಿ ಡಾಲರ್ ಸಿಗಲೇ ಇಲ್ಲ. ಸಪ್ಲೈಯರ್‌ಗಳಿಗೆ ಕೊಡಬೇಕಾದದ್ದನ್ನು ಹೊರಗೆ 350, 400ಕ್ಕೆ ಕೊಂಡು ತೀರಿಸಿದೆ. ಪೀಣ್ಯದಲ್ಲಿ ನನ್ನ ಹೆಸರು ಉಳಿಯಿತು, ಕೈಯಲ್ಲಿದ್ದ ದುಡ್ಡು ಉಳಿಯಲಿಲ್ಲ.

ಅಷ್ಟು ಹೊತ್ತಿಗೆ ನನ್ನ ಕಣ್ಣು ಲೇಗೋಸ್‌ನ ಟ್ರೇಡ್ ಫೇರ್ ಕಾಂಪ್ಲೆಕ್ಸ್‌ನಲ್ಲಿರುವ ಬಿಡಿಭಾಗಗಳ ಆಸ್ಪಮ್ಡಾ ಮಾರ್ಕೆಟ್ ಮೇಲೆ ಬಿದ್ದಿತ್ತು. ನನಗಿಂತ ಕಡಿಮೆ ಬಂಡವಾಳದವರು ಅದೇ 2016ರಲ್ಲಿ ಅಂಗಡಿ ಮುಚ್ಚದೆ ನಿಂತಿದ್ದರು. ವಿಚಾರಿಸಿದರೆ ಬಹಳ ಜನ ಅನಂಬ್ರಾ ರಾಜ್ಯದ ನ್ನೆವಿ ಊರಿನವರು. ನೈಜೀರಿಯಾದ ದೊಡ್ಡ ಉದ್ಯಮಿ ಅಂದರೆ ಹೊರಗಿನವರಿಗೆ ಉತ್ತರದ ಕನೋ ನಗರದ ಅಲಿಕೊ ಡಾಂಗೋಟೆ ಒಬ್ಬರೇ ಗೊತ್ತು. ದಿನಕ್ಕೆ ಆರೂವರೆ ಲಕ್ಷ ಬ್ಯಾರಲ್‌ನ ರಿಫೈನರಿ ಕಟ್ಟಿದವರು, ಗೌರವ ಇದೆ. ಆದರೆ ಅವರು ದೊಡ್ಡ ವ್ಯಾಪಾರಿ ಮನೆತನದಲ್ಲಿ ಹುಟ್ಟಿ, ಮನೆ ಹಿರಿಯರ ಸಾಲದಿಂದ ಶುರು ಮಾಡಿದವರು. ನನ್ನಂಥವನು ಅದನ್ನು ನಕಲು ಮಾಡೋಕೆ ಆಗಲ್ಲ. ನ್ನೆವಿಯವರದ್ದು ಹಾಗಲ್ಲ. ಕೋಸ್ಮಸ್ ಮಡೂಕಾ ಚಿಕ್ಕಂದಿನಲ್ಲೇ ತಂದೆ ಕಳೆದುಕೊಂಡು ಬೀದಿಯಲ್ಲಿ ಅಕಾರಾ (ಅಲಸಂದೆ ವಡೆ) ಮಾರಿದ ಹುಡುಗ. ಸೋದರಮಾವನ ಬಿಡಿಭಾಗದ ಅಂಗಡಿಯಲ್ಲಿ ದುಡಿದು, 200 ನೈರಾ ಹಿಡಿದು ಹೊರಬಂದು, ಕೊಸ್ಕಾರಿಸ್ ಗ್ರೂಪ್ ಕಟ್ಟಿದರು. ಕ್ಲೀಟಸ್ ಇಬೆಟೊ ಕೂಡ ಊರಿನ ಬಿಡಿಭಾಗದ ವ್ಯಾಪಾರಿಯ ಹತ್ತಿರ ಕಲಿತು, ಆಮೇಲೆ ಆಮದು ಬಿಟ್ಟು ಬ್ಯಾಟರಿ, ಪ್ಲಾಸ್ಟಿಕ್ ಭಾಗಗಳನ್ನು ಅಲ್ಲೇ ತಯಾರಿಸಿದವರು. ಇನ್ನೊಸೆಂಟ್ ಚುಕ್ವೂಮಾ ಮೋಟರ್‌ಸೈಕಲ್ ಬಿಡಿಭಾಗ ಮಾರುತ್ತಿದ್ದವರು. 2010ರಲ್ಲಿ ನ್ನೆವಿಯಲ್ಲೇ ಇನ್ನೊಸನ್ ವಾಹನ ಕಾರ್ಖಾನೆ ಉದ್ಘಾಟನೆ ಆಯಿತು. ಇಗ್ಬೋ ಸೀಮೆ ನೈಜೀರಿಯಾದಿಂದ ಬೇರೆಯಾಗಲು ಹೊರಟಾಗ ನಡೆದ ಬಿಯಾಫ್ರಾ ಯುದ್ಧ 1970ರಲ್ಲಿ ಮುಗಿದಾಗ ಇಗ್ಬೋ ಜನರಿಗೆ ಬ್ಯಾಂಕಿನಲ್ಲಿ ಎಷ್ಟೇ ಇದ್ದರೂ ಕೈಗೆ ಸಿಕ್ಕಿದ್ದು 20 ಪೌಂಡ್. ಅಲ್ಲಿಂದ ಅವರು ಎದ್ದಿದ್ದು ಈ ಓಗಾ-ಹುಡುಗ ಪದ್ಧತಿಯಿಂದಲೇ ಅಂತ ಅಲ್ಲಿನ ಹಿರಿಯರು ಇವತ್ತಿಗೂ ಹೇಳುತ್ತಾರೆ.

ಪದ್ಧತಿ ಹೀಗಿದೆ. ಕೆಲವು ವರ್ಷ ಹುಡುಗ ಓಗಾನ ಹತ್ತಿರ ಸಂಬಳವಿಲ್ಲದೆ ದುಡಿಯುತ್ತಾನೆ, ಊಟ-ವಸತಿ ಓಗಾನದು, ಕೊನೆಗೆ ಓಗಾ ಬಂಡವಾಳ ಕೊಟ್ಟು ಕಳಿಸುತ್ತಾನೆ. ಅದು ಸಾಲ ಅಲ್ಲ, ವಾಪಸ್ ಕೇಳುವ ಹಾಗಿಲ್ಲ. ನಮ್ಮವರು ಬೆಚ್ಚಿಬೀಳುವುದು ಇಲ್ಲೇ, ಕೊಟ್ಟ ದುಡ್ಡು ಹೇಗೆ ವಾಪಸ್ ಬರುತ್ತದೆ ಅಂತ. ಆ ಲೆಕ್ಕ ಮುಂದೆ ಹೇಳುತ್ತೇನೆ. ಎರಡನೇ ಪ್ರಶ್ನೆ, ಹೊರಗಿನವನಿಗೆ ಊರವರು ಮಗನನ್ನು ಯಾಕೆ ಕೊಡುತ್ತಾರೆ? ಅದಕ್ಕೇ ನನಗೆ ಜಾಸ್ತಿ ಸಮಯ ಹಿಡಿದಿದ್ದು. ನನ್ನಿಂದ ಮಾಲು ಕೊಳ್ಳುತ್ತಿದ್ದ ನ್ನೆವಿಯ ಹಿರಿಯರೊಬ್ಬರು ಜಾಮೀನು ನಿಂತರು. ಅವರ ಜೊತೆ ಊರ ಸಂಘದ ಸಭೆಗಳಿಗೆ ಹೋದೆ, ಸಾವಿಗೆ, ಮದುವೆಗೆ ಹೋದೆ, ಅವರ ಸಂಪ್ರದಾಯದಂತೆ ಕೋಲಾ ಕಾಯಿ ಒಡೆದು ಹಂಚುವಾಗ ಸುಮ್ನೆ ಕೂತೆ. ಮೊದಲು ಒಬ್ಬ ಹುಡುಗನನ್ನು ಕೊಟ್ಟರು. ಅವನ ಮೇಲೆ ಇಡೀ ಊರಿನ ಕಣ್ಣು, ನನ್ನ ಮೇಲೂ ಅಷ್ಟೇ. ಅವನು ಕದ್ದರೆ ಅವನ ಚಿಕ್ಕಪ್ಪಂದಿರು ಕಟ್ಟಿಕೊಡಬೇಕು, ನಾನು ಮಾತು ತಪ್ಪಿದರೆ ಆ ಊರಿನವರು ಯಾರೂ ನನ್ನಿಂದ ಒಂದು ಬೋಲ್ಟ್ ಕೊಳ್ಳುವುದಿಲ್ಲ. ಚೆಕ್‌ಗೆ ಇಲ್ಲದ ಬೆಲೆ ಇದಕ್ಕಿದೆ.

ಒಂದು ಬದಲಾವಣೆ ಮಾತ್ರ ನಾನೇ ಮಾಡಿದೆ. ಕೆಲವು ಓಗಾಗಳು ಕೊನೆಯ ವರ್ಷದಲ್ಲಿ ಹುಡುಗನ ಮೇಲೆ ಕಳ್ಳತನ ಹೊರಿಸಿ ಬರಿಗೈಲಿ ಓಡಿಸುತ್ತಾರೆ. ಈ ಪದ್ಧತಿಯಲ್ಲಿ ನನಗೆ ಹೊಟ್ಟೆ ಉರಿಯುವ ವಿಷಯ ಅದೊಂದೇ. ಅದಕ್ಕೇ ಮೊದಲ ದಿನವೇ ಕಾಗದದಲ್ಲಿ ಬರೆದೆವು: ಪ್ರತಿ ವರ್ಷ ಮುಗಿದಾಗ ಹುಡುಗನ ಪಾಲು ಇಷ್ಟು ಅಂತ ಗಟ್ಟಿ, ಮಧ್ಯದಲ್ಲಿ ಬಿಟ್ಟು ಹೋದರೂ ಅಷ್ಟು ಅವನದ್ದೇ. ಒಂದು ಪ್ರತಿ ಅವನ ತಾಯಿಯ ಹತ್ತಿರ. ಸ್ಕೂಲ್ ಮುಗಿಸದೆ ಬಂದವರಿಗೆ ವಾಯೆಕ್ (ಸ್ಕೂಲ್ ಮುಗಿಸುವ ಬೋರ್ಡ್) ಪರೀಕ್ಷೆ ಫೀಸನ್ನೂ ಕಟ್ಟಿದೆ, ಕೈಖರ್ಚಿಗೂ ಕೊಟ್ಟೆ.

ಹುಡುಗರು ಕಲಿಯುವ ರೀತಿ ನೋಡಬೇಕು. ಒಬ್ಬನಿದ್ದ, ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸುತ್ತಿದ್ದ. ಶಬ್ದ ಕೇಳಿ "ಫೇಕ್" ಅಂತ ಪಕ್ಕಕ್ಕಿಡುತ್ತಿದ್ದ. ಡಬ್ಬ, ಸ್ಟಿಕರ್ ಎಲ್ಲ ಸರಿಯಾಗಿಯೇ ಇರುತ್ತಿದ್ದವು. ನಾನು ಬಿಚ್ಚಿಸಿ ನೋಡಿದಾಗಲೆಲ್ಲ ಅವನು ಹೇಳಿದ್ದೇ ನಿಜ. ಸಂಬಳದವನು ಇಷ್ಟು ತಲೆ ಕೆಡಿಸಿಕೊಳ್ಳಲ್ಲ. ಮುಂದೆ ಇದೇ ಮಾಲನ್ನು ತನ್ನ ಹೆಸರಲ್ಲಿ ಮಾರಬೇಕಾದವನು ಕೆಡಿಸಿಕೊಳ್ಳುತ್ತಾನೆ.

ಈಗ ದುಡ್ಡಿನ ಲೆಕ್ಕ. ಮೊದಲನೆಯವನನ್ನು 2020ರ ಆಸುಪಾಸಿನಲ್ಲಿ ಕಳಿಸಿದಾಗ ಕೊಟ್ಟಿದ್ದು ಸುಮಾರು 40 ಲಕ್ಷ ನೈರಾ. ಅದರಲ್ಲಿ ಮುಕ್ಕಾಲು ಭಾಗ ಮಾಲು, ಮಿಕ್ಕಿದ್ದು ಅಂಗಡಿ ಬಾಡಿಗೆ. ಇಡೀ ಗುಟ್ಟು ಆ ಮುಕ್ಕಾಲು ಭಾಗದಲ್ಲಿದೆ. ಯಾವ ಮಾಲು, ಯಾವ ಬೆಲೆಗೆ, ಮೊದಲ ಮೂರು ತಿಂಗಳು ಯಾವುದನ್ನು ಅವನಿಗೆ ಕೊಡಲೇಬಾರದು ಅನ್ನುವ ಪಟ್ಟಿ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹುಡುಗನನ್ನು ಆರಿಸುವಾಗ ಅವನ ತಾಯಿಗೆ ಕೇಳುವ ಒಂದು ಪ್ರಶ್ನೆಯನ್ನೂ ಹೇಳುವುದಿಲ್ಲ, ಅದಕ್ಕೆ ನಾನು ಬೆಲೆ ತೆತ್ತಿದ್ದೇನೆ. ಆ ಅಂಗಡಿ ಆಮೇಲೆ ನನ್ನಿಂದಲೇ ಕೊಂಡ ಮಾಲಿನ ಮಾರ್ಜಿನ್‌ನಲ್ಲಿ, ಹದಿನಾಲ್ಕು-ಹದಿನೈದು ತಿಂಗಳಲ್ಲಿ ನಾನು ಕೊಟ್ಟದ್ದು ನನಗೆ ವಾಪಸ್ ಬಂತು. ಅವನು ನನ್ನಿಂದಲೇ ಕೊಳ್ಳಬೇಕು ಅಂತ ಎಲ್ಲೂ ಬರೆದಿಲ್ಲ. ಆದರೂ ಕೊಳ್ಳುತ್ತಾನೆ. ಇವತ್ತು ಇಂಥ ಹನ್ನೆರಡು-ಹದಿಮೂರು ಅಂಗಡಿಗಳಿವೆ. ಕೆಲವು ಹುಡುಗರು ತಮ್ಮದೇ ಹುಡುಗರನ್ನು ಇಟ್ಟುಕೊಂಡಿದ್ದಾರೆ, ಅವರಿಗೂ ಮಾಲು ನನ್ನದೇ. ಕಳೆದುಹೋಗುವ ಸ್ಟಾಕು ಒಂದು ಪರ್ಸೆಂಟ್ ಕೂಡ ಇಲ್ಲ.

ಅನುಮಾನ ಪಟ್ಟವರ ಬಾಯಿ ಮುಚ್ಚಿದ್ದು 2023. ಹಿಂದಿನ ಡಿಸೆಂಬರ್‌ನಲ್ಲಿ 200, 500, 1000 ನೈರಾದ ಹೊಸ ನೋಟು ತಂದು, ವರ್ಷದ ಆರಂಭದಲ್ಲಿ ಹಳೆಯದನ್ನು ನಿಲ್ಲಿಸಿದರು, ಮಾರ್ಕೆಟ್‌ನಲ್ಲಿ ಕಾಸೇ ಇರಲಿಲ್ಲ. ಎಟಿಎಂ ಮುಂದೆ ಜನ ಜಗಳವಾಡುತ್ತಿದ್ದರು. ಸಂಬಳದ ಮ್ಯಾನೇಜರ್‌ಗಳಿದ್ದ ಅಂಗಡಿಗಳು ಶಟರ್ ಎಳೆದವು. ನಮ್ಮ ಹುಡುಗರು ಕೆಕೆ ಸಂಘದ ಅಧ್ಯಕ್ಷರನ್ನು ಹಿಡಿದು, ಡ್ರೈವರ್‌ಗಳಿಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಉದ್ರಿ ಕೊಟ್ಟರು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹಳೆ ನೋಟಿಗೆ ಡಿಸೆಂಬರ್‌ವರೆಗೆ ಅವಕಾಶ ಕೊಟ್ಟ ಮೇಲೆ ಬಹುತೇಕ ವಸೂಲಾಯಿತು. ಜೂನ್‌ನಲ್ಲಿ ಮತ್ತೆ ನೈರಾವನ್ನು ಮಾರುಕಟ್ಟೆಗೆ ಬಿಟ್ಟರು, ಡಾಲರ್‌ಗೆ 470ರ ಹತ್ತಿರ ಇದ್ದದ್ದು 750ಕ್ಕೆ ಹೋಯಿತು. ಹಳೆ ಬೆಲೆಯಲ್ಲಿ ಮಾಲು ಎತ್ತಿದ್ದ ಹುಡುಗರು ಕೂತು ಮಾತಾಡಿ, "ಓಗಾ, ನಷ್ಟ ಅರ್ಧ ನಿಮ್ಮದು, ಅರ್ಧ ನಮ್ಮದು" ಅಂದರು. ನಾನು ಕೇಳಿರಲಿಲ್ಲ. 2016ರಲ್ಲಿ ನನ್ನ ಡೀಲರ್ ಒಬ್ಬನೂ ಫೋನ್ ಎತ್ತಿರಲಿಲ್ಲ.

ಮಧ್ಯದಲ್ಲಿ ಬೇರೆ ಬೇರೆ ಪ್ರಯೋಗಗಳೂ ನಡೆದವು. ಚುಕ್ವೂಮಾ ಮೋಟರ್‌ಸೈಕಲ್ಲುಗಳನ್ನು ಜೋಡಿಸದೆ ಬಿಡಿಬಿಡಿಯಾಗಿ ತರಿಸಿ, ಒಂದೇ ಕಂಟೇನರ್‌ನಲ್ಲಿ ಎಷ್ಟೋ ಪಟ್ಟು ತುಂಬಿ ಬೆಲೆ ಇಳಿಸಿದ್ದರು. ಅದನ್ನೇ ಕೆಕೆಯ ಸೀಟು, ಹುಡ್ ಫ್ರೇಮಿಗೆ ಮಾಡಿದೆ. ಫ್ರೇಮನ್ನು ಮೂರು ತುಂಡಾಗಿ ತರಿಸಿ ಇಲ್ಲಿ ಬೆಸುಗೆ ಹಾಕಿಸಿದೆ, ಸಾಗಣೆ ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯಿತು. ಸೀಟಿನ ರೆಕ್ಸಿನ್ ಆಬಾದ ಅರಿಯಾರಿಯಾ ಮಾರ್ಕೆಟ್‌ನ ದರ್ಜಿಗಳೇ ಹೊಲಿಯುತ್ತಾರೆ, ನಮ್ಮ ಕಡೆಯಿಂದ ಬರುವುದಕ್ಕಿಂತ ಚೆನ್ನಾಗಿದೆ. ಅವರ ಹತ್ತಿರವೇ ಟಾರ್ಪಾಲಿನ್‌ನ ಮಳೆ ಪರದೆ ಹೊಲಿಸಿದೆ, ಜೂನ್-ಜುಲೈ ಮಳೆಯಲ್ಲಿ ಕೈಗೆ ಸಿಗದ ಹಾಗೆ ಖಾಲಿಯಾಯಿತು. ಬ್ಯಾಟರಿ ಮಾತ್ರ ಕೈ ಸುಟ್ಟಿತು. ಆಸಿಡ್ ತುಂಬಿದ ಮಾಲು ಬಂದರಿನಲ್ಲೇ ಕೂತು, ಡೆಮರೇಜ್ ಮಾಲಿನ ಬೆಲೆ ಮೀರಿತು.

ಉತ್ತರಕ್ಕೆ ಹೋಗುವವರಿಗೆ ಒಂದು ಮಾತು. ಕನೋದಲ್ಲಿ ಇದೇ ಕಾಗದ, ಇದೇ ಲೆಕ್ಕ ನಡೆಯಲಿಲ್ಲ. ಅಲ್ಲಿ ಹೌಸಾ ವ್ಯಾಪಾರಿಗಳ ನಂಟು ಬೇರೆ, ಹಿರಿಯನ ಹೆಸರಲ್ಲೇ ಮಾಲು ಓಡುತ್ತದೆ. ಅಲ್ಲಿ ಈಗ ಒಬ್ಬ ಹಿರಿಯ ವ್ಯಾಪಾರಿಗೆ ಪೂರ್ತಿ ಮಾಲು ಒಪ್ಪಿಸಿ, ಅವರ ಕೈಕೆಳಗಿನ ಹುಡುಗರಿಗೆ ಅವರೇ ಹಂಚಲಿ ಅಂತ ಬಿಟ್ಟಿದ್ದೇನೆ. ಮೊದಲ ಕಂಟೇನರ್‌ನ ದುಡ್ಡು ಪೂರ್ತಿ ಬಂದಿದೆ, ಎರಡನೆಯದು ರಸ್ತೆಯಲ್ಲಿದೆ.